ಗೇಟಿನಲ್ಲಿ ತಡೆದ ಜೀಪು

ಹುಬ್ಬಳ್ಳಿ ಕಡೆಯ ಒಂದು ಎರಕದ ಕಾರ್ಖಾನೆಗೆ ಜಂಬಗಿ ಅನ್ನೋ ಹೊಸ ಮ್ಯಾನೇಜರ್ ಬಂದರು. ಬಂದ ದಿನವೇ ಕಾರ್ಖಾನೆಗೆ ಹಳೇ ಕಬ್ಬಿಣ ತಂದು ಮಾರುವ ಮಾಲನಬಿಯ ಗುಜರಿ ಗಾಡಿ ತಗುಲಿ ಅವರ ಬಿಳಿ ಪ್ಯಾಂಟಿಗೆ ತುಕ್ಕು ಮೆತ್ತಿತು. ಸಾಹೇಬರು ಕೆಂಡವಾದರು. ಗೇಟು ಕಾಯುವ ದ್ಯಾಮಣ್ಣನನ್ನು ಕರೆದು ಗುಡುಗಿದರು: "ಮಂದಿ ಬಳಸಿದ ಹಳೇ ಕಬ್ಬಿಣ ಒಂದು ಚೂರೂ ಈ ಗೇಟು ದಾಟಬಾರ್ದು. ದಾಟಿತೋ, ನಿನ್ನ ನೌಕರಿ ಹೋತು!"

ದ್ಯಾಮಣ್ಣನಿಗೆ ನೌಕರಿ ಬೇಕು. ಮಾಲನಬಿಯ ಒಲೆ ಹೊತ್ತಬೇಕು. ಗುಜರಿ ಕರಗಿಸಿಯೇ ಪಂಪು ಎರೆಯುವ ಭಟ್ಟಿಗೂ ಹೊಟ್ಟೆ ತುಂಬಬೇಕು. ಸಾಹೇಬರಿಗೆ ಇದನ್ನು ಹೇಳೋರು ಯಾರು? ದ್ಯಾಮಣ್ಣ ಹೇಳಲಿಲ್ಲ. ಅವರು ಹೇಳಿದಷ್ಟನ್ನೇ ಮಾಡಿದ.

ಮರುದಿನ ಬೆಳಿಗ್ಗೆ ಸಾಹೇಬರ ಜೀಪು ಬಂತು. ಗೇಟು ತೆರೆಯಲಿಲ್ಲ.

"ಏ, ತೆಗಿಯೋ!"

"ಬರಂಗಿಲ್ರಿ ಸಾಹೇಬ್ರ. ಈ ಜೀಪು ಹಿಂದಿನ ಮ್ಯಾನೇಜರ್ ಬಳಸಿದ್ದು. ಕಬ್ಬಿಣದ್ದು ಬ್ಯಾರೆ."

ಸಾಹೇಬರು ಧುಮುಕಿ ಇಳಿದರು. "ಹಂಗಾದ್ರ ನಡಕೊಂಡು ಹೊಕ್ಕೀನಿ!"

"ಹೋಗ್ರಿ. ಆದ್ರ ಕಿಸೆದಾಗಿನ ಆಫೀಸ್ ಕೀಲಿಕೈ ಇಲ್ಲೇ ಇಡ್ರಿ. ಅದೂ ಹಳೇದರೀ."

ಸಾಹೇಬರು ಕಿಸೆ ಮುಟ್ಟಿ ನೋಡಿಕೊಂಡರು. ಅಷ್ಟರಲ್ಲಿ ಒಳಗಿಂದ ಮೇಸ್ತ್ರಿ ಕೂಗಿದ: "ಭಟ್ಟಿ ಕಾದೈತಿ, ಹಾಕಾಕ ಮಾಲಿಲ್ಲ!" ಜೀಪಿನ ಹಿಂದೆ ಗಾಡಿ ನಿಲ್ಲಿಸಿಕೊಂಡಿದ್ದ ಮಾಲನಬಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಕೊನೆಗೆ ಸಾಹೇಬರಿಗೇ ನಗು ತಡೆಯಲಾಗಲಿಲ್ಲ.

"ಸಾಕಪ್ಪಾ ದ್ಯಾಮಣ್ಣ, ಜೀಪು, ಗಾಡಿ ಎರಡೂ ಬಿಡು."

ದ್ಯಾಮಣ್ಣ ಗೇಟು ತೆರೆದು ಜೀಪಿಗೆ ಕೈ ಅಡ್ಡ ಹಿಡಿದ. "ಒಂದೀಟು ತಡೀರಿ ಸಾಹೇಬ್ರ. ನಿಮ್ಮ ಜೀಪು ಇನ್ನೂ ಹಳೇದಾಗಾಕ ಹೊಂಟೈತಿ. ಆಕಿ ಗಾಡ್ಯಾಗಿಂದು ಹೊಸಾದಾಗಾಕ ಹೊಂಟೈತಿ. ಅದು ಮೊದಲು ಹೋಗ್ಲಿ."