ಹೊನ್ನವ್ವನ ಗೆರೆ

“ಅಪ್ಪಾರೇ, ಅಂಕಿ ಒಂದನ್ನೂ ಬದಲಿಸದೆ ಅದರ ತೋರಿಕೆಯನ್ನಷ್ಟೇ ಚೆಂದ ಮಾಡಿದರೆ, ಅದು ಸುಳ್ಳಾಗುತ್ತದೆಯೇ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಅಡಿವೆಪ್ಪ. ಮಠದ ಕಂಪ್ಯೂಟರ್ ಕೆಲಸವೆಲ್ಲ ಅವನದು. ಅವನ ಕೈಯಲ್ಲಿ ಒಂದು ಕಾಗದ ಇತ್ತು. ಮಠದ ವಸತಿ ಶಾಲೆಯಲ್ಲಿ ವಾರ ವಾರ ಎಷ್ಟು ಮಕ್ಕಳು ವಾಂತಿ, ಹೊಟ್ಟೆನೋವು ಎಂದು ಮಲಗಿದರು ಎಂಬುದನ್ನು ಆ ಕಾಗದದ ಮೇಲೆ ಒಂದು ಗೆರೆ ಹೇಳುತ್ತಿತ್ತು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಆಜ್ಞೆ ಬರೆದು ಎಳೆಸಿದ ಗೆರೆ. ಗೆರೆಗೆ ಕಾವಿ ಬಣ್ಣ ಕೊಟ್ಟಿದ್ದ. ಮೇಲೆ, ಬಲಗಡೆಯ ಮೂಲೆಯಲ್ಲಿ ಗುರುಗಳ ಭಾವಚಿತ್ರ ಇಟ್ಟಿದ್ದ.

ಮರುದಿನ ಒಬ್ಬ ವ್ಯಾಪಾರಿ ಬರುವವನಿದ್ದ. ಶಾಲೆಗೆ ಹೊಸ ನೀರಿನ ಟ್ಯಾಂಕು ಕಟ್ಟಿಸಿಕೊಟ್ಟವನು ಅವನೇ. ಊಟದ ಮನೆಯನ್ನೂ ಕಟ್ಟಿಸುತ್ತೇನೆ ಎಂದಿದ್ದ. ಟ್ಯಾಂಕು ಬಂದ ಮೇಲೆ ಮಕ್ಕಳ ಕಾಯಿಲೆ ಇಳಿದಿದೆ ಎಂದು ತೋರಿಸಲು ಅವನೆದುರಿಗೆ ಈ ಕಾಗದವನ್ನು ದೊಡ್ಡದು ಮಾಡಿ ಸಭೆಯಲ್ಲಿ ತೂಗುಹಾಕಬೇಕಿತ್ತು.

ಗುರುಗಳು ಕಾಗದ ನೋಡಿದರು. ತಮ್ಮ ಚಿತ್ರವನ್ನೂ ನೋಡಿದರು.

“ಕನ್ನಡಿಯಾಗ ನಾ ಇಷ್ಟು ಚೆಂದ ಕಾಣೂದಿಲ್ಲಲ್ಲೋ,” ಎಂದರು.

ಅಡಿವೆಪ್ಪ ನಗಲಿಲ್ಲ. ಚಿತ್ರ ಆ ಮೂಲೆಯಲ್ಲೇ ಯಾಕೆ ಎಂದು ಗುರುಗಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

“ಕೂಡು,” ಎಂದರು ಗುರುಗಳು. ಕಾಗದವನ್ನು ಅವನ ಮುಂದೆಯೇ ನೆಲದ ಮೇಲೆ ಇಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೋರ್ಡ್ ಬರೆಯುವವನಿದ್ದ. ಹೆಚ್ಚು ಓದಿದವನಲ್ಲ. ಆದರೆ ಕೈ ಚೆಂದ. ಊರಿನ ಗಿರಣಿ, ಕಿರಾಣಿ ಅಂಗಡಿ, ಹೊಲಿಗೆ ಅಂಗಡಿ, ಎಲ್ಲದರ ನೆತ್ತಿಯ ಮೇಲೂ ಅವನ ಅಕ್ಷರವೇ. ಫ್ಲೆಕ್ಸ್ ಬಂದ ಮೇಲೆ ಕುಂಚದ ಕೆಲಸ ಕಡಿಮೆಯಾಯಿತು. ಅವನು ಕಂಪ್ಯೂಟರ್ ಕಲಿತ. ನಿಧಾನ ಕಲಿತ, ಆದರೆ ಕಲಿತ.

ಅವನ ಹೆಂಡತಿ ಹೊನ್ನವ್ವ. ಮನೆಯಲ್ಲಿ ಅವರಿಬ್ಬರೇ. ಅವಳ ಹೃದಯ ಸೋತಿತು. ಮೈಯಲ್ಲಿ ನೀರು ನಿಲ್ಲತೊಡಗಿತು. ಡಾಕ್ಟರು ಗುಳಿಗೆ ಕೊಟ್ಟರು. ಜೊತೆಗೆ ಒಂದು ಕೆಲಸವನ್ನೂ ಕೊಟ್ಟರು. ದಿನಾ ಮುಂಜಾನೆ ಎದ್ದ ಕೂಡಲೇ ಇವಳ ತೂಕ ನೋಡು. ಒಂದೊಂದೇ ಅಂಕಿ ನೋಡಿದರೆ ನಿನಗೆ ತಿಳಿಯುವುದಿಲ್ಲ, ಅಂಕಿಗಳನ್ನು ಸೇರಿಸಿ ಗೆರೆ ಎಳೆ. ಗೆರೆ ಏರಿದರೆ ನೀರು ತುಂಬುತ್ತಿದೆ ಎಂದು ಅರ್ಥ. ಆಗ ಯಾರನ್ನೂ ಕೇಳುತ್ತ ಕೂಡಬೇಡ, ಅವತ್ತೇ ಕರೆದುಕೊಂಡು ಬಾ. ಬೇಗ ಬಂದರೆ ಗುಳಿಗೆ ಬದಲಿಸಿ ನೀರು ಇಳಿಸಬಹುದು.

ಹೊನ್ನವ್ವನ ತಮ್ಮ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಅವನು ಬಂದು ಕಂಪ್ಯೂಟರಿನಲ್ಲಿ ಪೈಥಾನ್ ಹಾಕಿದ. ಅದಕ್ಕೆ ಜೋಡಿಸಲು ಗೆರೆ ಎಳೆಯುವ ಸಲಕರಣೆಗಳದೇ ಒಂದು ಲೈಬ್ರರಿ ಇತ್ತು. ಅದನ್ನೂ ಹಾಕಿ, ನಾಲ್ಕು ಸಾಲು ಆಜ್ಞೆ ಬರೆದುಕೊಟ್ಟು ಹೋದ. ಅಂಕಿ ಹಾಕಿದರೆ ಗೆರೆ ಬರುತ್ತಿತ್ತು.

ಮುಂಜಾನೆ ಹೊನ್ನವ್ವ ತೂಕದ ಮಷಿನ್ ಮೇಲೆ ನಿಂತು ಅಂಕಿ ಕೂಗುತ್ತಿದ್ದಳು. ಅವನು ಆಚೆ ಕೋಣೆಯಿಂದ ಕೇಳಿ ಒತ್ತುತ್ತಿದ್ದ. ವಾರಕ್ಕೊಮ್ಮೆ ಪ್ರಿಂಟ್ ತೆಗೆದು ಮಷಿನ್ ಮೇಲಿನ ಗೋಡೆಗೆ ಅಂಟಿಸುತ್ತಿದ್ದ.

ಮೊದಮೊದಲು ಬಂದ ಗೆರೆಗೆ ಚೆಂದವಿರಲಿಲ್ಲ. ಬಿಳಿ ಹಾಳೆ, ಸಣ್ಣ ನೀಲಿ ಗೆರೆ, ಇರುವೆಯಂಥ ಅಂಕಿ. ಒಂದು ಸಲ ಆ ಗೆರೆ ಏರಿತು. ಅವನು ನೋಡಿದ. ಕೈಲಿದ್ದ ಕೆಲಸ ಬಿಟ್ಟು ಅವಳನ್ನು ಕರೆದುಕೊಂಡು ಹೋದ. ಡಾಕ್ಟರು ಗುಳಿಗೆ ಬದಲಿಸಿದರು. ಗೆರೆ ಇಳಿಯಿತು. ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಮನೆಗೆ ಬಂದರು.

ಇದಾದ ಮೇಲೆ ಅವನಿಗೆ ಆ ಗೆರೆಯ ಮೇಲೆ ಪ್ರೀತಿ ಬಂತು. ಪ್ರೀತಿ ಬಂದದ್ದಕ್ಕೆ ಅದನ್ನು ಸಿಂಗರಿಸತೊಡಗಿದ.

ಯಾವ ಸಾಲು ಬರೆದರೆ ಏನಾಗುತ್ತದೆ ಎಂದು ಒಂದೊಂದಾಗಿ ಕಂಡುಕೊಂಡ. ಗೆರೆಯನ್ನು ದಪ್ಪ ಮಾಡಿದ. ನೀಲಿ ತೆಗೆದು ಅವಳ ಇಳಕಲ್ ಸೀರೆಯ ಸೆರಗಿನ ಕೆಂಪು ಹಾಕಿದ. ಹಿಂದಿನ ಹಾಳೆಗೆ ತಿಳಿ ಹಳದಿ ಕೊಟ್ಟ. ಅಡ್ಡ ಉದ್ದ ಚೌಕಳಿ ಗೆರೆಗಳು ಕಣ್ಣಿಗೆ ಚುಚ್ಚುತ್ತವೆ ಎಂದು ಅಳಿಸಿದ. ಗೆರೆ ಹಾಳೆಯ ನಡುವೆ ಬಂದು ನಿಲ್ಲಲಿ ಎಂದು ಹಾಳೆಯ ತುದಿಗೆ ಎಷ್ಟು ಕಿಲೋ, ಬುಡಕ್ಕೆ ಎಷ್ಟು ಕಿಲೋ ಎಂಬ ಮೇಲಿನ ಅಳತೆ, ಕೆಳಗಿನ ಅಳತೆ ಎರಡನ್ನೂ ತಾನೇ ಕಟ್ಟಿದ. ಅಂಕಿ ಒಂದನ್ನೂ ಮುಟ್ಟಲಿಲ್ಲ.

ಉಳಿದದ್ದು ಹೆಸರಿನ ಪೆಟ್ಟಿಗೆ. ಗೆರೆ ಯಾರದು ಎಂದು ಹೇಳಲು ಆ ಲೈಬ್ರರಿ ಒಂದು ಸಣ್ಣ ಪೆಟ್ಟಿಗೆ ಬರೆಯುತ್ತದೆ. ಅದರಲ್ಲಿ ಹೊನ್ನವ್ವ ಎಂದು ಬರಲಿ ಎಂದು ಕೊಟ್ಟ. ಹೆಸರು ಬರಲಿಲ್ಲ. ಅಕ್ಷರ ಇರಬೇಕಾದಲ್ಲಿ ಸಾಲಾಗಿ ಖಾಲಿ ಚೌಕಗಳು ಬಂದವು. ಕನ್ನಡದ ಅಕ್ಷರ ಅದರ ಹತ್ತಿರ ಇರಲಿಲ್ಲ. ಅವನು ಹುಡುಕಿ ಕನ್ನಡದ ಅಕ್ಷರ ತುಂಬಿಸಿದ. ಅಕ್ಷರ ಬಂದವು. ಆದರೆ ಒತ್ತುಗಳು ತಮ್ಮ ಅಕ್ಷರದ ಕೆಳಗೆ ಕೂಡಲಿಲ್ಲ. ಮುರಿದು ಪಕ್ಕಕ್ಕೆ ಬಿದ್ದಿದ್ದವು.

ಊರಿನವರ ಒತ್ತು, ದೀರ್ಘ ಎಲ್ಲ ತಿದ್ದಿದ ಕೈ ಅದು. ಹೆಂಡತಿಯ ಹೆಸರು ಹಾಗೆ ಬಿದ್ದದ್ದನ್ನು ನೋಡಲು ಆಗಲಿಲ್ಲ.

ಅಲ್ಲದೆ ಆ ಪೆಟ್ಟಿಗೆಯ ನಡತೆಯೂ ಅವನಿಗೆ ಸೇರಿರಲಿಲ್ಲ. ಗೆರೆ ಎಲ್ಲಿ ಇಲ್ಲವೋ ಆ ಜಾಗ ನೋಡಿ ಅದು ತಾನಾಗಿ ಹೋಗಿ ಕೂಡುತ್ತಿತ್ತು. ಒಂದು ವಾರ ಈ ಮೂಲೆ, ಇನ್ನೊಂದು ವಾರ ಆ ಮೂಲೆ. ಮತ್ತೆ ಅದರ ಮೈ ತೆಳು. ಹಿಂದೆ ಏನಾದರೂ ಇದ್ದರೆ ಮಸುಕಾಗಿ ಕಾಣುತ್ತಿತ್ತು. ದಿನಕ್ಕೊಂದು ಕಡೆ ಸರಿಯುವ ಬೋರ್ಡು, ಹಿಂದಿನ ಗೋಡೆ ಕಾಣುವ ಬೋರ್ಡು, ಅದೆಂಥ ಬೋರ್ಡು? ಅವನು ಆ ಪೆಟ್ಟಿಗೆಯನ್ನು ತೆಗೆದೇ ಹಾಕಿದ.

ಆಮೇಲೆ ಬಹಳ ದಿನದಿಂದ ಮುಚ್ಚಿಟ್ಟಿದ್ದ ಬಣ್ಣದ ಡಬ್ಬಿ ತೆರೆದ. ಕುಂಚ ಹಿಡಿದು ಕಾಗದದ ಮೇಲೆ ಹೊನ್ನವ್ವ ಎಂದು ಬರೆದ. ಸುತ್ತ ಬಳ್ಳಿ ಎಳೆದ. ಅದರ ಫೋಟೋ ತೆಗೆದು, ಕಂಪ್ಯೂಟರಿಗೆ ಹಾಕಿ, ಹಾಳೆಯ ಮೇಲಿನ ಬಲ ಮೂಲೆಯಲ್ಲಿ ಕೂರಿಸಿದ. ಗೆರೆ ನಡುವೆ ಇತ್ತು. ಆ ಮೂಲೆ ಖಾಲಿ ಇತ್ತು. ಹೆಸರು ಅಲ್ಲಿ ಬಹಳ ಚೆಂದ ಕಂಡಿತು.

ಹೊನ್ನವ್ವ ಗೋಡೆಯ ಮುಂದೆ ನಿಂತಳು. ಊರ ಮಂದಿಯ ಹೆಸರೆಲ್ಲ ಬರೆದ ಗಂಡ ತನ್ನ ಹೆಸರು ಬರೆದದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಓಣಿಯ ಹೆಂಗಸರೂ ಬಂದು ನೋಡಿದರು.

“ಏನವಾ ಹೊನ್ನವ್ವ, ನಿನ್ನ ಗಂಡ ಬೋರ್ಡ್ ಹಾಕ್ಯಾನಲ್ಲ. ಏನು ಅಂಗಡಿ ಇಟ್ಟೀ?” ಎಂದಳು ಒಬ್ಬಳು.

“ಗುಳಿಗಿ ಅಂಗಡಿ,” ಎಂದಳು ಹೊನ್ನವ್ವ. “ಬೇಕೇನು ನಿನಗ?”

ಎಲ್ಲರೂ ನಕ್ಕರು. ಅವನೂ ಒಳಗೆ ಕೂತು ನಕ್ಕ.

ಕೆಲವು ತಿಂಗಳು ಕಳೆದವು. ಹೊನ್ನವ್ವ ಮಷಿನ್ ಮೇಲೆ ನಿಂತು ಅಂಕಿ ಕೂಗುತ್ತಿದ್ದಳು. ಅವನು ಒತ್ತುತ್ತಿದ್ದ. ನಿನ್ನೆಗಿಂತ ಇವತ್ತು ತುಸು ಹೆಚ್ಚು. ಇವತ್ತಿಗಿಂತ ನಾಳೆ ತುಸು ಹೆಚ್ಚು. ದಿನಕ್ಕೊಂದು ಬಂದ ಅಂಕಿ ಮೈಮೇಲೆ ಬೀಳುವುದಿಲ್ಲ. ಬಂದು ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತದೆ. ಅದಕ್ಕೇ ಡಾಕ್ಟರು ಗೆರೆ ಎಳೆ ಎಂದಿದ್ದರು. ಅವನು ಗೋಡೆ ನೋಡಿದ. ಕೆಂಪು ಗೆರೆ ನಡುವೆ ಚೆಂದಾಗಿ ಬಂದಿತ್ತು. ಅದರ ತುದಿಯಲ್ಲಿ ಅವಳ ಹೆಸರಿತ್ತು.

ನೋಡಿದವಳು ಹೊನ್ನವ್ವನೇ.

“ಅಲ್ರೀ, ಈ ಗೆರಿ ಇಲ್ಲಿತನಕ ಬಂದು ಎಲ್ಲಿ ಹೋತು?” ಎಂದು ಕೇಳಿದಳು.

“ಎಲ್ಲಿ ಹೋಗತೈತಿ? ನಿನ್ನ ಹೆಸರಿನಾಗ ಹೋಗಿ ಕುಂತೈತಿ,” ಎಂದ ಅವನು.

ಪ್ರೀತಿಯಿಂದಲೇ ಅಂದ. ಅವಳಿಗೂ ಹಾಗೇ ಕೇಳಿಸಿತು. ಮುಖ ಅರಳಿತು. ಮತ್ತೆ ಕೇಳಲಿಲ್ಲ. ಆ ವಾರ ಅವಳಿಗೆ ಚಪ್ಪಲಿ ಬಿಗಿಯಾಗುತ್ತಿತ್ತು. ಅದನ್ನೂ ಹೇಳಲಿಲ್ಲ. ಗೆರೆ ನೋಡುವವನು ಮನೆಯಲ್ಲೇ ಇದ್ದನಲ್ಲ.

ಒಂದು ಮುಂಜಾನೆ ಅಂಕಿ ಕೂಗುವ ದನಿ ಬರಲಿಲ್ಲ. ಅವನು ಎದ್ದು ಬಂದ. ಹೊನ್ನವ್ವ ಗೋಡೆ ಹಿಡಿದು ಕೂತಿದ್ದಳು. ಉಸಿರು ಸಾಲುತ್ತಿರಲಿಲ್ಲ. ಅವನು ಗಾಡಿ ಕರೆಸಿದ. ಹೋಗುವಾಗ ಗೋಡೆಯ ಕಾಗದವನ್ನೂ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ಡಾಕ್ಟರು ಕೇಳಿದರೆ ತೋರಿಸಬೇಕು ಎಂದು.

ಆಸ್ಪತ್ರೆಯಲ್ಲಿ ಆಗುವಷ್ಟು ಮಾಡಿದರು. ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊನ್ನವ್ವ ಹೋದಳು.

“ಗೆರೆ ಏರಿರಲಿಲ್ಲವೇ?” ಎಂದು ಕೇಳಿದರು ಡಾಕ್ಟರು.

“ಇಲ್ಲರೀ ಸಾಹೇಬ್ರ,” ಎಂದು ಅವನು ಕಾಗದ ಬಿಡಿಸಿ ಕೊಟ್ಟ.

ಡಾಕ್ಟರು ನೋಡಿದರು. ಗೆರೆಯ ಮೇಲೆ ಬೆರಳಿಟ್ಟು ಬಲಕ್ಕೆ ಸರಿಸುತ್ತ ಹೋದರು. ಬೆರಳು ಅವಳ ಹೆಸರಿನ ಮೇಲೆ ಬಂದು ನಿಂತಿತು. ಅಲ್ಲೇ ಇತ್ತು ಸ್ವಲ್ಪ ಹೊತ್ತು. ಆಮೇಲೆ ಅವರು ಕಾಗದ ಮಡಿಚಿ ಅವನ ಕೈಗೆ ಕೊಟ್ಟರು.

ಆಗ ಅವನಿಗೆ ತಿಳಿಯಿತು. ತಿಳಿದಾಗ ಅಳು ಬರಲಿಲ್ಲ. ಮುಖ ಬಿಸಿಯಾಯಿತು. ಸಂತೆಯಲ್ಲಿ ಕದ್ದು ಸಿಕ್ಕಿಬಿದ್ದವನ ಹಾಗೆ ಅತ್ತಿತ್ತ ನೋಡಿದ. ಹೆಣದ ಮುಂದೆ ನಿಲ್ಲಲು ಅವನಿಗೆ ಮೊದಲು ನಾಚಿಕೆಯಾಯಿತು. ದುಃಖ ಆಮೇಲೆ ಬಂತು.

ಮನೆಯಲ್ಲಿ, ಕಿತ್ತ ಕಾಗದದ ಅಡಿಯಲ್ಲಿದ್ದ ಹಿಂದಿನ ವಾರದ ಕಾಗದ ಇನ್ನೂ ಗೋಡೆಯ ಮೇಲಿತ್ತು. ಮಾತಾಡಿಸಲು ಬಂದವರೆಲ್ಲ ಅದನ್ನು ನೋಡಿದರು. ಎಷ್ಟು ಮುತುವರ್ಜಿ, ಎಂದರು. ಹೆಂಡತಿಯನ್ನು ಹೀಗೆ ನೋಡಿಕೊಂಡ ಗಂಡ ಈ ಓಣಿಯಲ್ಲಿ ಇನ್ನೊಬ್ಬನಿಲ್ಲ, ಎಂದರು. ಒಬ್ಬ ಮುದುಕಿ ಆ ಹೆಸರನ್ನು ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅವನು ತಲೆ ತಗ್ಗಿಸಿದ. ದುಃಖದಿಂದ ತಗ್ಗಿಸಿದ ಎಂದುಕೊಂಡು ಅವರು ಬೆನ್ನು ಸವರಿದರು. ಸವರಿದ ಪ್ರತಿ ಕೈಗೂ ಅವನು ಇನ್ನಷ್ಟು ತಗ್ಗಿದ. ಬೈದಿದ್ದರೆ ತಲೆ ಎತ್ತುತ್ತಿದ್ದನೋ ಏನೋ. ಯಾರೂ ಬೈಯಲಿಲ್ಲ.

ದಿನಕರ್ಮ ಮುಗಿದು ಮಂದಿ ಹೋದ ಮೇಲೆ ಅವನು ಕಂಪ್ಯೂಟರ್ ಮುಂದೆ ಕೂತ. ತಾನು ಬರೆದ ಸಾಲುಗಳನ್ನು ಅಳಿಸಿದ. ಮೊದಲು ಬಣ್ಣ. ಆಮೇಲೆ ದಪ್ಪ. ಆಮೇಲೆ ತಾನು ಕಟ್ಟಿದ ಅಳತೆ, ತಾನು ತುಂಬಿಸಿದ ಕನ್ನಡದ ಅಕ್ಷರ. ಕೊನೆಗೆ ಕುಂಚದಲ್ಲಿ ಬರೆದ ಹೆಸರು. ಅದನ್ನು ಅಳಿಸುವಾಗ ಕೈ ನಿಂತಿತು. ಆದರೂ ಅಳಿಸಿದ. ಹೊನ್ನವ್ವನ ತಮ್ಮ ಬರೆದುಕೊಟ್ಟ ನಾಲ್ಕು ಸಾಲು ಉಳಿಸಿ, ತೆಗೆದುಹಾಕಿದ್ದ ಲೈಬ್ರರಿಯ ಹೆಸರಿನ ಪೆಟ್ಟಿಗೆಯನ್ನು ಮತ್ತೆ ಹಾಕಿದ.

ಹಾಳೆ ಮತ್ತೆ ಬಂತು. ಬಿಳಿ ಹಾಳೆ, ಸಣ್ಣ ನೀಲಿ ಗೆರೆ. ಗೆರೆ ನಡುವಿನಿಂದ ಹೊರಟು, ಬಲಕ್ಕೆ ತಿರುಗಿ, ಮೇಲಿನ ಮೂಲೆಯವರೆಗೂ ಏರಿತ್ತು. ಯಾವ ಮಗು ನೋಡಿದರೂ ಏರಿದೆ ಎಂದು ಹೇಳುವಂತೆ ಏರಿತ್ತು. ಹೆಸರಿನ ಪೆಟ್ಟಿಗೆ ಅದಕ್ಕೆ ದಾರಿ ಬಿಟ್ಟು, ಕೆಳಗೆ, ಖಾಲಿ ಜಾಗದಲ್ಲಿ ಹೋಗಿ ಕೂತಿತ್ತು. ಅದರೊಳಗೆ ಹೊನ್ನವ್ವ ಇರಲಿಲ್ಲ. ಸಾಲಾಗಿ ಖಾಲಿ ಚೌಕಗಳಿದ್ದವು.

ಅದನ್ನೇ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ. ಮೊದಲಿನದನ್ನು ತೆಗೆದ.

ಓಣಿಯ ಹೆಂಗಸು ನೋಡಿ, “ಅಣ್ಣಾ, ಅಷ್ಟು ಚೆಂದ ಇದ್ದದ್ದು ಯಾಕ ತಗದಿ? ಇದರಾಗ ಅಕಿ ಹೆಸರಽ ಇಲ್ಲಲ್ಲ,” ಎಂದಳು.

“ಅದು ನನ್ನದಿತ್ತು ತಂಗಿ,” ಎಂದ ಅವನು. “ಇದು ಅಕಿದು.”

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಅಡಿವೆಪ್ಪನ ಕೈ ಯಾವಾಗಲೋ ಕಾಗದದ ಮೇಲೆ ಹೋಗಿತ್ತು. ಬಲಗಡೆಯ ಮೂಲೆಯನ್ನು ಅಂಗೈಯಿಂದ ಮುಚ್ಚಿದ್ದ. ಮುಚ್ಚಿದ್ದು ಅವನಿಗೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ತೆಗೆಯಲು ನಾಚಿಕೆಯಾಯಿತು.

ಅವನು ನೆಲ ನೋಡುತ್ತ ಹೇಳಿದ: “ಅಪ್ಪಾರೇ, ಪಾಪ, ಆ ಮನುಷ್ಯಗ ಗೊತ್ತಿರಲಿಲ್ಲ. ಗೆರಿ ಹೆಸರಿನ ಕೆಳಗ ಹೋದದ್ದು ಅವಗ ಗೊತ್ತಽ ಇರಲಿಲ್ಲ.”

“ಖರೆ. ಅವಗ ಗೊತ್ತಿರಲಿಲ್ಲ,” ಎಂದರು ಗುರುಗಳು.

ಆಮೇಲೆ ಅವನ ಕೈಯನ್ನು ಮೆಲ್ಲಗೆ ಎತ್ತಿ ಬದಿಗಿಟ್ಟು, ತಮ್ಮ ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು:

“ನನ್ನ ಮುಖದ ಕೆಳಗ ಎಷ್ಟು ಮಕ್ಕಳನ್ನ ಮಲಗಿಸೀಯೋ, ಅಡಿವೆಪ್ಪ?”