ಅರಮನೆಯ ಬಿಳಿ ಪೈಪು

ಕೊಂಡಗೆರೆಯ ಬೀದಿಯಲ್ಲಿ ಡಂಗುರ ಬಿತ್ತು. ಪೈಪಿನ ಓಬಯ್ಯ ಹಾಕಿರುವ ಮೂರು ಒಗಟು ಬಿಡಿಸಿದವರಿಗೆ ಮಲ್ಲೇಂದ್ರ ಮಹಾರಾಜರು ಕೇಳಿದ್ದನ್ನು ಕೊಡುತ್ತಾರೆ, ತಪ್ಪು ಹೇಳಿದವರ ತಲೆ ತೆಗೆಸುತ್ತಾರೆ, ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಓಬಯ್ಯನ ತಲೆಯೇ ಹೋಗುತ್ತದೆ ಎಂದು ತಳವಾರ ಕೂಗಿದ.

ಬಾಗಿಲಲ್ಲಿ ನಿಂತಿದ್ದ ಪಾಲಕ್ಕನಿಗೆ ಮೈಯೆಲ್ಲ ಉರಿಯಿತು. ಓಬಯ್ಯ ಅವಳ ಗಂಡ. ಕೆರೆಯಿಂದ ಅರಮನೆಗೆ ಪ್ಲಾಸ್ಟಿಕ್ ಪೈಪು ಕೂಡಿಸಿದವನು. ರಾಜನ ಹುಟ್ಟುಹಬ್ಬದ ದಿನ ಪರವೂರಿನ ದೊರೆಗಳು ಕೂತಿದ್ದಾಗಲೇ ಜಾಯಿಂಟು ಕಳಚಿ ಎಲ್ಲರ ಪೇಟದ ಮೇಲೂ ನೀರು ಸುರಿದಿತ್ತು. ಯಾಕೆ ಕಳಚಿತೆಂದು ರಾಜ ಗದರಿದರೆ, ನಿಜ ಹೇಳಲು ಈ ಪುಣ್ಯಾತ್ಮನಿಗೆ ಧೈರ್ಯ ಸಾಲಲಿಲ್ಲ. ರಾಜನಿಗೆ ಒಗಟಿನ ಹುಚ್ಚು ಎಂದು ತಿಳಿದಿದ್ದರಿಂದ ಕಾರಣವನ್ನೆಲ್ಲ ಒಗಟು ಮಾಡಿ ಎದುರಿಗಿಟ್ಟು ತಲೆ ತಗ್ಗಿಸಿ ನಿಂತ. ಉತ್ತರ ಬೇರೆಯವರ ಬಾಯಿಂದಲೇ ಬರಬೇಕು ಎಂದ. ರಾಜ ಅವನಿಗೆ ಬೇಡಿ ಹಾಕಿಸಿ ಡಂಗುರ ಸಾರಿಸಿದ.

ಮೊದಲು ಬಂದವನು ಪಕ್ಕದ ಸೀಮೆಯ ಯುವರಾಜ. ಕಣ್ಣಿಗೆ ಕಾಣದ ಕೊಳೆ, ಹೊಸದರ ಮೇಲೂ ಇರುವ ಕೊಳೆ ಯಾವುದು ಎಂದು ಮಂತ್ರಿ ಕೇಳಿದ. ಮನಸ್ಸಿನ ಪಾಪ ಎಂದು ಯುವರಾಜ ಮೀಸೆ ತಿರುವಿದ. ಓಬಯ್ಯ ಅಲ್ಲವೆಂದು ತಲೆಯಾಡಿಸಿದ. ಅಷ್ಟಕ್ಕೇ ಆ ಹುಡುಗನ ತಲೆ ಹೋಯಿತು. ಆಮೇಲೆ ಬಂದ ರೇಷ್ಮೆ ವ್ಯಾಪಾರಿ ಎರಡನೆಯದನ್ನೇ ಮೊದಲು ಕೇಳಿ ಎಂದ. ತಾನು ಅಂಟಿಸುವುದಿಲ್ಲ, ತಾನಿಲ್ಲದೆ ಅಂಟುವುದೂ ಇಲ್ಲ, ಅದು ಯಾವುದು ಎಂದದ್ದಕ್ಕೆ ಮದುವೆಯ ದಲ್ಲಾಳಿ ಎಂದ. ಸಭೆಯೆಲ್ಲ ನಕ್ಕಿತು. ನಗು ನಿಲ್ಲುವ ಮೊದಲೇ ಅವನನ್ನೂ ಎಳೆದುಕೊಂಡು ಹೋದರು.

ಇಬ್ಬರಿಗೂ ಕೇಳಿದ ಒಗಟುಗಳು ಊರವರ ಬಾಯಿಂದ ಕಿವಿಗೆ ಬಿದ್ದ ಮೇಲೆ, ಅಮಾವಾಸ್ಯೆಯ ಬೆಳಗ್ಗೆ ಪಾಲಕ್ಕ ಸೆರಗು ಸಿಕ್ಕಿಸಿಕೊಂಡು ಸಭೆಗೆ ಬಂದಳು. ಅವಳ ಮುಖ ಕಂಡು ಕಾವಲುಗಾರರು ದಾರಿ ಬಿಟ್ಟರು. ಓಬಯ್ಯ ಮಾತ್ರ ಬೇಡ ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡ. ಅವಳು ಅವನ ಕಡೆ ತಿರುಗಲಿಲ್ಲ.

"ಮೊದಲನೇದು ಪೈಪಿನ ಮೈಮೇಲಿರೋ ಜಿಡ್ಡು, ಬುದ್ಧಿ. ಹೊಸ ಪೈಪೂ ಹತ್ತು ಕೈ ದಾಟಿ ಬಂದಿರ್ತದೆ. ಕ್ಲೀನರ್ ಹಾಕಿ ಒರೆಸಬೇಕು. ಎರಡನೇದು ಪ್ರೈಮರ್. ಅದು ಗೋಂದಲ್ಲ. ಪೈಪಿನ ಮೈ ಮೆತ್ತಗೆ ಮಾಡ್ತದೆ, ಆಮೇಲೆ ಹಚ್ಚಿದ ಸಲ್ಯೂಷನ್ ಅಂಟು ಒಳಗಿಳಿದು ಎರಡು ಪೈಪೂ ಒಂದಾಗ್ತವೆ."

ಓಬಯ್ಯ ಎರಡಕ್ಕೂ ಹೌದೆಂದ. ಮಂತ್ರಿ ಮೂರನೆಯದನ್ನು ಮೆಲ್ಲಗೆ ಓದಿದ. "ಒಂದಾಗಬೇಕಾದ ಎರಡನ್ನು ಮುಟ್ಟದೇನೇ ಬೇರೆ ಮಾಡಿದವನು ಯಾರು?"

ಪಾಲಕ್ಕ ನೇರವಾಗಿ ಸಿಂಹಾಸನ ನೋಡಿದಳು. ಅಷ್ಟು ದಿನ ನುಂಗಿಕೊಂಡಿದ್ದ ಸಿಟ್ಟೆಲ್ಲ ಬಾಯಿಗೆ ಬಂತು.

"ನೀವು. ಹೊಸ ಪೈಪಿಗೆ ಒರೆಸೋದೇನು ಅಂತ ಅವಸರ ಮಾಡಿದೋರು ನೀವು. ಪ್ರೈಮರ್ ನೇರಳೆ ಬಣ್ಣ, ಬಿಳಿ ಅರಮನೆಗೆ ಕಲೆ ಕಾಣ್ತದೆ, ಹಚ್ಚಕೂಡದು ಅಂದೋರೂ ನೀವೇ. ಬರೀ ಸಲ್ಯೂಷನ್ ಮೆತ್ತಿಸಿದ್ರಿ. ಕಳಚಿತು. ತಪ್ಪಾಗಿದ್ರೆ ನನ್ನ ತಲೆ ತೆಗೀರಿ."

ರಾಜನ ಮುಖ ಕೆಂಪಾಯಿತು. ಕೈ ಕತ್ತಿಯ ಹಿಡಿಗೆ ಹೋಯಿತು. ಇದೇ ಉತ್ತರವೇ ಎಂದು ಓಬಯ್ಯನನ್ನು ಕೇಳಿದ. ಓಬಯ್ಯ ಹೌದೆಂದ. ಊರೆಲ್ಲ ಡಂಗುರ ಸಾರಿಸಿದ ಮಾತು, ಒಗಟು ನೋಡಲು ಬಂದಿದ್ದ ಪರವೂರಿನ ದೊರೆಗಳ ಎದುರು ನುಂಗುವಂತಿರಲಿಲ್ಲ. ಏನು ಬೇಕು ಕೇಳು ಎಂದು ರಾಜ ಹಲ್ಲು ಕಚ್ಚಿ ಹೇಳಿದ.

ಗಂಡನನ್ನು ಬಿಡಬೇಕು, ಪೈಪಿನ ಕೆಲಸದಲ್ಲಿ ಇನ್ನು ತಾನು ಹೇಳಿದ್ದೇ ನಡೆಯಬೇಕು, ರಾಜರೂ ಅಡ್ಡ ಬರಬಾರದು ಎಂದಳು. ರಾಜ ಒಪ್ಪಿ ಮುದ್ರೆ ಒತ್ತಿಸಿಕೊಟ್ಟ.

ಬೇಡಿ ಕಳಚಿದ ಓಬಯ್ಯ ಓಡಿ ಬಂದು, ತನ್ನ ಒಗಟಿನಿಂದ ಇಬ್ಬರೂ ಉಳಿದೆವಲ್ಲ ಎಂದು ಅವಳ ಕೈ ಹಿಡಿದ. ಪಾಲಕ್ಕ ಕೈ ಕೊಡವಿಕೊಂಡಳು.

"ಅವತ್ತೇ ನೆಟ್ಟಗೆ ಹೇಳಿದ್ರೆ ತಲೆ ಹೋದ ಆ ಇಬ್ಬರೂ ಉಳೀತಿದ್ರು. ಮೊದಲು ಅವರ ತಾಯಂದಿರ ಹತ್ರ ಹೋಗಿ ಹೇಳು. ಒಗಟಾಗಿ ಹೇಳ್ಬೇಡ. ಆಮೇಲೆ ಮನೆಗೆ ಬಾ."