ಪಾತಾಳಗರಡಿಯ ಒತ್ತೆ

“ಅಕ್ಕೋರ, ನನಗ ಅಡ್ಡಹೆಸರು ಇಟ್ಟು ನಗೋರಿಗೂ ನಾ ಮರ್ಯಾದಿ ಕೊಡಬೇಕೇನ್ರಿ?”

ಕೇಳಿದವಳು ಮಾಳವ್ವ. ಮಠದ ಹೆಣ್ಣುಮಕ್ಕಳ ಶಾಲೆಯಲ್ಲಿ ಏಳನೆಯ ತರಗತಿ ಓದುತ್ತಿದ್ದಳು. ಅಲ್ಲೇ ಊಟ, ಅಲ್ಲೇ ವಸತಿ. ಶಾಲೆ ನಡೆಸುತ್ತಿದ್ದ ಹಿರಿಯ ಹೆಂಗಸನ್ನು ಮಕ್ಕಳೆಲ್ಲ ಅಕ್ಕೋರು ಎನ್ನುತ್ತಿದ್ದರು. ಎಲ್ಲರಿಗೂ ಮರ್ಯಾದೆ ಕೊಡಬೇಕೆಂದು ಆ ದಿನ ಬೆಳಗಿನ ಪ್ರಾರ್ಥನೆಯಲ್ಲಿ ಹೇಳಿದವರೂ ಅವರೇ. ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಾಗ ಮಾಳವ್ವ ಬಟ್ಟೆಯ ಗಂಟು ಕಟ್ಟಿಕೊಂಡು ಬಂದು ಎದುರಿಗೆ ನಿಂತಿದ್ದಳು.

“ಏನಂತ ಕರೀತಾರ?”

“ಹಂಚು ಅಂತಾರ್ರಿ. ರೊಟ್ಟಿ ಸುಡೋ ಹಂಚಿನಂಗ ಕರ್ರಗ ಅದೀನಂತ. ಮೊದಲ ಶುರು ಮಾಡಿದಾಕಿ ಆ ಹಲ್ಲುಬ್ಬಿ. ಆಮ್ಯಾಲ ಮೆಳ್ಳಗಣ್ಣಿ ಸೇರಿದ್ಲು, ಕುಳ್ಳಿ ಸೇರಿದ್ಲು. ಊಟಕ್ಕ ಕುಂತ್ರ, ಹಂಚಿಗ್ಯಾಕ ರೊಟ್ಟಿ ಅಂತ ನಗ್ತಾರ. ಇವತ್ತು ಬಾವಿಕಟ್ಟಿ ಮ್ಯಾಲಿಂದ ಹಂಚೇ ಅಂತ ಕೂಗಿದ್ರು. ನಾ ಓ ಅಂದೆ, ಅಕ್ಕೋರ. ನನ್ನ ಬಾಯಿಂದನ ಬಂತು.”

ಮೂರು ತಿಂಗಳ ನಗೆಯನ್ನು ತಡೆದುಕೊಂಡಿದ್ದಳು. ಆ ಒಂದು ಓ ಅನ್ನು ತಡೆದುಕೊಳ್ಳಲು ಆಗಲಿಲ್ಲ. ಬಚ್ಚಲುಮನೆಯಲ್ಲಿ ಅತ್ತು, ಮುಖ ತೊಳೆದು, ಗಂಟು ಕಟ್ಟಿದಳು. ಅವಳ ಊರಿನಲ್ಲಿ ಐದನೆಯ ತರಗತಿಗೇ ಶಾಲೆ ಮುಗಿಯುತ್ತಿತ್ತು. ಈಗ ಹೊರಟರೆ ಓದು ಅಲ್ಲಿಗೆ ನಿಂತಂತೆಯೇ. ಅದು ಗೊತ್ತಿದ್ದೇ ಹೊರಟಿದ್ದಳು.

ಅಕ್ಕೋರ ಕೈ ಮೊರದಲ್ಲಿ ನಿಂತಿತು. ಮುಖ ಕೆಂಪಾಯಿತು.

“ಸಿಟ್ಟು ಬಂದೈತೇನು?”

“ಬಂದೈತ್ರಿ.”

“ಬರಬೇಕು. ಅದನ್ನ ನುಂಗಬ್ಯಾಡ. ಕುಂಡ್ರು,” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕಮ್ಮಾರನ ಹೆಂಡತಿ ಇದ್ದಳು. ಗಂಡನ ಜೊತೆ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದಳು. ಒಂದು ಸುಗ್ಗಿಯಲ್ಲಿ ಓಣಿಯವರ ಕುಡುಗೋಲು ಬಡಿಯುವಾಗ ಕೆಂಡ ಸಿಡಿದು ಅವಳ ಎಡಗೆನ್ನೆ ಸುಟ್ಟಿತು. ಗಾಯ ಮಾಯಿತು, ಕಲೆ ಉಳಿಯಿತು. ಓಣಿಯವರು ಅವಳಿಗೆ ಸುಟ್ಟಮೋರೆ ಎಂದು ಹೆಸರಿಟ್ಟರು. ಕೆನ್ನೆ ಸುಟ್ಟದ್ದು ತಮ್ಮ ಕುಡುಗೋಲಿನ ಕೆಲಸದಲ್ಲೇ ಎಂದು ಒಬ್ಬರಿಗೂ ಅನಿಸಲಿಲ್ಲ. ಆ ಕುಡುಗೋಲಿನಿಂದ ಕೊಯ್ದ ಜೋಳವನ್ನೇ ಉಂಡು, ಆ ಬಾಯಿಂದಲೇ ಹಾಗೆ ಕರೆದರು.

ಅವಳ ಮನೆಯಲ್ಲಿ ಒಂದು ಪಾತಾಳಗರಡಿ ಇತ್ತು. ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಓಣಿಗೆಲ್ಲ ಅದೊಂದೇ. ಗರಡಿ ಒಯ್ಯುವವರು ಒಂದು ತಂಬಿಗೆಯನ್ನು ಒತ್ತೆ ಇಟ್ಟು ಹೋಗಬೇಕು, ಗರಡಿ ತಂದುಕೊಟ್ಟು ತಂಬಿಗೆ ಬಿಡಿಸಿಕೊಳ್ಳಬೇಕು. ಅದು ರೂಢಿ. ಬಂದವರು ಹೊಸ್ತಿಲಾಚೆ ನಿಂತು, ಏ ಸುಟ್ಟಮೋರೆ, ಗರಡಿ ಕೊಡು ಎನ್ನುವರು. ಅವಳು ಓ ಎಂದು ಎದ್ದು ಬರುವಳು. ಅವರಿಗೆ ಕೊಡ ಬೇಕು, ಗರಡಿ ಬೇಕು, ಕೊಡುವವಳ ಹೆಸರು ಮಾತ್ರ ಬೇಡ. ಎಂಥ ಜನ ನೋಡು.

ಅವಳಿಗೆ ಒಬ್ಬಳು ಮಗಳು. ಆಗತಾನೆ ಮಾತು ಕಲಿಯುತ್ತಿದ್ದ ಕೂಸು. ಒಂದು ಸಂಜೆ ಮಗು ಹಸಿದು ಒಳಗೆ ಬಂತು. ತಾಯಿಯ ಸೆರಗು ಜಗ್ಗಿ, “ಸುಟ್ಟಮೋರೆ, ಹಾಲು ಕೊಡು” ಎಂದಿತು.

ಮಗು ಬೈದದ್ದಲ್ಲ. ತಾಯಿಯ ಹೆಸರು ಅದೇ ಎಂದುಕೊಂಡಿತ್ತು. ಎಲ್ಲರೂ ಹಾಗೆ ಕರೆಯುತ್ತಿದ್ದರು, ತಾಯಿಯೂ ಓ ಎನ್ನುತ್ತಿದ್ದಳು. ಇನ್ನೇನು ತಿಳಿದೀತು ಆ ಕೂಸು?

ಅವಳು ಹಾಲು ಕೊಟ್ಟಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನಗೆ ಅವ್ವ ಅನ್ನು ಎಂದು ಹೇಳಿಕೊಟ್ಟಳು. ಇನ್ನು ಸಾಕು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಮರುದಿನ ಬೆಳಗ್ಗೆ ಸಾವುಕಾರನ ಹೆಂಡತಿಯ ತಾಮ್ರದ ಕೊಡ ಬಾವಿಗೆ ಬಿತ್ತು. ಮನೆಗೆ ಬೀಗರು ಬಂದು ಕುಳಿತಿದ್ದರು, ಕುಡಿಯಲು ಹನಿ ನೀರಿರಲಿಲ್ಲ. ಅವಳು ತಂಬಿಗೆ ಹಿಡಿದು ಓಡಿಬಂದಳು.

“ಏ ಸುಟ್ಟಮೋರೆ, ಗರಡಿ ಕೊಡು ಲಗೂನ.”

ಒಳಗಿನಿಂದ ಓ ಬರಲಿಲ್ಲ. ಇನ್ನೊಮ್ಮೆ ಕೂಗಿದಳು. ಮತ್ತೊಮ್ಮೆ ಕೂಗಿದಳು. ಆಗ ಕಮ್ಮಾರನ ಹೆಂಡತಿ ಬಾಗಿಲಿಗೆ ಬಂದಳು.

“ಆ ಹೆಸರಿನವರು ಈ ಮನ್ಯಾಗ ಯಾರೂ ಇಲ್ರಿ, ಸಾವ್ಕಾರ್ತಿ. ಇವತ್ತು ತಂಬಿಗಿ ಒತ್ತಿ ಬ್ಯಾಡ. ನನ್ನ ಹೆಸರು ಹೇಳ್ರಿ, ಗರಡಿ ಒಯ್ರಿ.”

ಸಾವುಕಾರನ ಹೆಂಡತಿಗೆ ಮೈ ಉರಿಯಿತು. ಆದರೆ ಏನು ಮಾಡಿಯಾಳು, ಹೆಸರು ಗೊತ್ತಿರಲಿಲ್ಲ. ಪಕ್ಕದ ಮನೆಗೆ ಹೋಗಿ ಕೇಳಿದಳು. ಅವರಿಗೂ ಗೊತ್ತಿರಲಿಲ್ಲ. ಓಣಿಯ ಆ ತುದಿಯಿಂದ ಈ ತುದಿಯ ತನಕ ಕೇಳಿದಳು. ಅವಳ ಮದುವೆಯ ಊಟ ಉಂಡವರಿದ್ದರು. ಅವಳ ಕೈಯಲ್ಲಿ ಬಾಣಂತನ ಮಾಡಿಸಿಕೊಂಡವರಿದ್ದರು. ಒಬ್ಬರ ಬಾಯಿಗಾದರೂ ಅವಳ ಹೆಸರು ಬಂದಿದ್ದರೆ ಕೇಳು. ಇಂಥವರಿಗೆ ಏನು ಹೇಳಬೇಕು?

ಸಾವುಕಾರನ ಹೆಂಡತಿ ತಲೆ ತಗ್ಗಿಸಿಕೊಂಡು ತಿರುಗಿ ಬಂದಳು. ಕಮ್ಮಾರನ ಹೆಂಡತಿಯನ್ನೇ ಕೇಳುವುದೆಂದು ಬಂದಿದ್ದಳು. ಹೊಸ್ತಿಲಲ್ಲಿ ಆಡುತ್ತಿದ್ದ ಮಗು ಅವಳನ್ನು ನೋಡಿ ಒಳಗೆ ಕೂಗಿ ಹೇಳಿತು.

“ಅವ್ವಾ, ಡೊಳ್ಳುಹೊಟ್ಟಿ ಬಂದಾಳ.”

ಸಾವುಕಾರನ ಹೆಂಡತಿ ನಿಂತಲ್ಲೇ ನಿಂತಳು. ಒಳಗಿದ್ದವಳಿಗೂ ಕೇಳಿಸಿತು. ಈ ಮಾತನ್ನು ಮಗು ಓಣಿಯಲ್ಲಿ ಕಲಿತಿರಲಿಲ್ಲ. ಎದುರಿಗೆ ಸಾವ್ಕಾರ್ತಿ ಎನ್ನುವ ಅವ್ವನೇ ಒಲೆಯ ಮುಂದೆ ಕುಳಿತಾಗ ಡೊಳ್ಳುಹೊಟ್ಟಿ ಎಂದೇ ಅನ್ನುತ್ತಿದ್ದಳು. ಕೂಸು ಏನೋ ಅಂತು ಎಂದು ತೇಲಿಸಿಬಿಡಬಹುದಿತ್ತು. ತೇಲಿಸಲಿಲ್ಲ. ಗೂಟದಿಂದ ಗರಡಿ ತೆಗೆದುಕೊಂಡು ಹೊಸ್ತಿಲಿಗೆ ಬಂದಳು. ಕೆನ್ನೆಯ ಕಲೆಗೆ ಎಂದೂ ಪಡದ ನಾಚಿಕೆಯನ್ನು ಅವಳು ಆ ಮಾತಿಗೆ ಪಟ್ಟಳು.

“ಅದು ನನ್ನ ಬಾಯಿಂದ ಕಲತದ್ರಿ. ನಂದು ತಪ್ಪಾತು. ನಿಮ್ಮ ಹೆಸರು ನನಗೂ ಗೊತ್ತಿಲ್ಲ. ನನ್ನ ಹೆಸರು ಸಾಂತವ್ವ. ನಿಮ್ಮದು?”

ಸಾವುಕಾರನ ಹೆಂಡತಿಯ ಹೆಸರನ್ನೂ ಯಾರಾದರೂ ಕೇಳಿ ಬಹಳ ವರ್ಷವಾಗಿತ್ತು.

“ತುಂಗವ್ವ,” ಎಂದಳು. ಆಮೇಲೆ ಗರಡಿಗೆ ಕೈ ಚಾಚಿದಳು.

ಸಾಂತವ್ವ ಗರಡಿ ಬಿಡಲಿಲ್ಲ. ತಪ್ಪು ಒಪ್ಪಿಕೊಂಡಿದ್ದಳು ನಿಜ, ಕೇಳಿದ್ದನ್ನು ಬಿಟ್ಟುಕೊಟ್ಟಿರಲಿಲ್ಲ. ಗರಡಿಯ ಒಂದು ಕಡೆ ಅವಳ ಕೈ, ಒಂದು ಕಡೆ ಇವಳ ಕೈ. ಕಡೆಗೆ ತುಂಗವ್ವನೇ ಬಾಯಿ ಬಿಟ್ಟಳು.

“ಸಾಂತವ್ವಾ, ಗರಡಿ ಕೊಡವ್ವ.”

ಆಗ ಕೊಟ್ಟಳು. ತಂಬಿಗೆಯನ್ನು ಮುಟ್ಟಲಿಲ್ಲ. ಇಳಿಹೊತ್ತಿಗೆ ತುಂಗವ್ವ ಗರಡಿ ತಂದು ಹೊರಗಿನಿಂದ ಸಾಂತವ್ವಾ ಎಂದು ಕರೆದಳು. ಎರಡು ಸಲ ಕರೆದರೂ ಒಳಗಿದ್ದವಳು ಏಳಲಿಲ್ಲ. ತನ್ನನ್ನೇ ಕರೆಯುತ್ತಿದ್ದಾರೆಂದು ತಿಳಿಯಲು ಅವಳಿಗೆ ಮೂರನೆಯ ಕೂಗು ಬೇಕಾಯಿತು.

ಅಕ್ಕೋರು ಕತೆ ಮುಗಿಸಿದರು. ಮೊರದ ಜೋಳ ಹಾಗೇ ಇತ್ತು. ಮಾಳವ್ವ ಗಂಟನ್ನು ತೊಡೆಯಿಂದ ಇಳಿಸಿ ಬದಿಗಿಟ್ಟಳು.

“ಇನ್ನ ಮ್ಯಾಲ ನಾನೂ ಓ ಅನ್ನಂಗಿಲ್ರಿ,” ಎಂದಳು.

“ಅನಬ್ಯಾಡ. ಹೆಸರು ಹಿಡಿದು ಕರಿಯೋ ತನಕ ತಿರುಗಿ ಸೈತ ನೋಡಬ್ಯಾಡ. ಆ ಮೂರೂ ಹುಡುಗ್ಯಾರ ಬಾಯಿಂದ ಇವತ್ತ ನಿನ್ನ ಹೆಸರು ಹೇಳಸ್ತೀನಿ. ಹೋಗು, ಬಾಗಲಾಗ ನಿಂತು ಅವರನ್ನ ನೀನ ಕೂಗು.”

ಮಾಳವ್ವನಿಗೆ ಮೂರು ತಿಂಗಳಲ್ಲಿ ಮೊದಲ ಸಲ ಎದೆ ಹಗುರಾಯಿತು. ದುಡುದುಡು ಬಾಗಿಲಿಗೆ ಹೋದಳು. ಮೂವರೂ ಬಾವಿಕಟ್ಟೆಯ ಮೇಲೆ ಕುಳಿತಿದ್ದರು. ಕೂಗಲೆಂದು ಬಾಯಿ ತೆರೆದಳು. ನಾಲಗೆಯ ಮೇಲೆ ಬಂದದ್ದನ್ನು ಅಲ್ಲೇ ಹಿಡಿದು, ತೆರೆದ ಬಾಯಿ ತೆರೆದಂತೆಯೇ ನಿಂತಳು.

ಹಿಂದಿನಿಂದ ಅಕ್ಕೋರು ಕೇಳಿದರು: “ಯಾಕವ್ವಾ ಮಾಳವ್ವ, ಅವರಿಗೆ ಹೆಸರಿಲ್ಲೇನು?”